ನಾಲ್ಕನೇ ಮುದ್ದೆ

ಕಷ್ಟಕಾಲದಲ್ಲಿ ನೆಮ್ಮದಿಯಾಗಿ ಬದುಕೋಕೆ ಎಷ್ಟು ಸಾಕು ಅಂತ ಹಳ್ಳಿಯವರಿಗೆ ಹೇಳಿಕೊಡೋ ಸಾಹೇಬರೊಬ್ಬರನ್ನ ಹರವೆ ಅನ್ನೋ ಹಳ್ಳಿಗೆ ಕರಕೊಂಡು ಹೋಗಿದ್ದೆ. ಕಾರಿನ ಎಸಿ ಸಾಲದು ಅಂತ ದಾರಿಯುದ್ದಕ್ಕೂ ನನ್ನನ್ನ ಬೈದರು. ನಾನು ಡ್ರೈವರ್, ಬಾಯಿ ಮುಚ್ಚಿಕೊಂಡಿರೋದೂ ನನ್ನ ಕೆಲಸವೇ.

ಅಲ್ಲಿ ಕೂಲಿಗೆ ಹೋಗೋ ಮಹದೇವಮ್ಮ ಅನ್ನೋಳು ತನ್ನ ಮನೇಲಿ ಮುದ್ದೆ ಕಟ್ಟುತ್ತಿದ್ದಳು. ಸಾಹೇಬರು ಇಣುಕಿ ನೋಡಿ, "ಮನೇಲಿರೋದು ಮೂವರು. ನಾಲ್ಕನೇ ಮುದ್ದೆ ಯಾರಿಗೆ?" ಅಂದರು.

"ಯಾರಾರ ಬಂದ್ರೆ ಬೇಕಲ್ವಾ ಸ್ವಾಮಿ?"

"ಇದೇ ದಂಡ ನೋಡಮ್ಮ. ನಾಳೆಯಿಂದ ನಿಲ್ಲಿಸಿಬಿಡು."

"ಅಯ್ಯೋ, ಬಂದೋರ್ನ ಬರೀ ಹೊಟ್ಟೇಲಿ ಕಳ್ಸಕಾಯ್ತದಾ?" ಆಕೆಗೆ ನಿಜಕ್ಕೂ ಗಾಬರಿಯಾಗಿತ್ತು.

ಊಟದ ಹೊತ್ತಾಗಿತ್ತು. ಇಲ್ಲೆಲ್ಲಾದರೂ ಹೋಟೆಲ್ ಇದೆಯಾ ಅಂತ ಸಾಹೇಬರು ಕೇಳಿದ್ದೇ ತಡ, ಆಕೆ ತಟ್ಟೆಗೆ ಅದೇ ಮುದ್ದೆ ಇಟ್ಟು ಹುರುಳಿಕಾಳಿನ ಸಾರು ಬಿಟ್ಟಳು. ಅವರು ಬೆರಳು ನೆಕ್ಕಿಕೊಂಡು ಉಂಡರು. ಆಕೆ ನನ್ನ ಕಡೆ ತಿರುಗಿ, "ನಿಂಗೂ ಇಕ್ತೀನಿ ಕಣಪ್ಪ" ಅಂತ ತನ್ನ ಪಾಲಿನ ಮುದ್ದೆಗೇ ಕೈ ಹಾಕಿದಳು. "ನಂದಾಯ್ತು ಕಣವ್ವ" ಅಂತ ಸುಳ್ಳು ಹೇಳಿದೆ.

ವಾಪಸ್ ಬರುವಾಗ ಸಾಹೇಬರು ಸೀಟಿಗೊರಗಿ, "ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ಕಣಯ್ಯಾ. ಆ ನಾಲ್ಕನೇ ಮುದ್ದೆ ಮಾತ್ರ ಬಿಡಲ್ಲ" ಅಂದರು.

ಮಾತು ಮುಗಿಸಿ ಅವರು ತೇಗಿದ ತೇಗು ದೂರದ ಸಂತೆಮರಹಳ್ಳಿಗೂ ಕೇಳಿಸಿರಬೇಕು.