ಹೊಸ್ತಿಲು ದಾಟದ ಕೋಳಿ

ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುತ್ತಾರೆ. ನನ್ನ ಪಕ್ಕದ ಮನೆಯ ತಫೀದಾ ಕೋಳಿಯನ್ನು ಕೇಳದೆ ಮುಟ್ಟುತ್ತಲೂ ಇರಲಿಲ್ಲ. ನಮ್ಮೂರು ಫಯ್ಯೂಮಿನ ಮಂಗಳವಾರದ ಸಂತೆಯಲ್ಲಿ ಕೋಳಿಬುಟ್ಟಿಗಳ ಮುಂದೆ ಅವಳು ಕುಕ್ಕರಗಾಲಲ್ಲಿ ಕೂತಳೆಂದರೆ, ನಾನು ಈರುಳ್ಳಿ, ಸೊಪ್ಪು, ಕೆರೆಮೀನು ಎಲ್ಲ ಕೊಂಡು ಬಂದು ತಲೆಯ ಮೇಲೆ ಹೊತ್ತು ನಿಂತರೂ ಏಳುತ್ತಿರಲಿಲ್ಲ. ಮೇಲಿನಿಂದ ಕೈ ಹಾಕುವವಳಲ್ಲ. ಮೇಲಿನಿಂದ ಬರುವುದು ಹದ್ದು ಎನ್ನುತ್ತಿದ್ದಳು. ಕೆಳಗಿನಿಂದ ಅಂಗೈ ಜಾರಿಸಿ ಎತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಕೊರಳಡಿ ಒಂದೇ ಬೆರಳಲ್ಲಿ ಸವರುತ್ತ ಕಾಯುವಳು. ಕೋಳಿ ಕಣ್ಣು ಮುಚ್ಚಿದರೆ ಪಾಸು. ಒದ್ದಾಡಿದರೆ ಬುಟ್ಟಿಗೆ ವಾಪಸು.

"ಕೋಳಿ ತಗೊಳ್ಳೋಕೆ ಬಂದಿದೀಯೋ, ಸೊಸೆ ನೋಡೋಕೆ ಬಂದಿದೀಯೋ ತಾಯಿ?" ಎಂದು ಕೋಳಿ ಮಾರುವವಳು ಒಮ್ಮೆ ರೇಗಿಸಿದಳು.

"ಸೊಸೆ ತರೋಕೆ ಮಗ ಬೇಕಲ್ಲವ್ವಾ. ಕೋಳಿ ತರೋಕೆ ಬುಟ್ಟಿ ಸಾಕು" ಎಂದಳು ತಫೀದಾ. ಮಾರುವವಳು ಇನ್ನೊಂದು ಬುಟ್ಟಿಯ ಮುಚ್ಚಳ ತೆರೆದಳು.

ಬೋಳುಕತ್ತಿನ ಕೋಳಿ ಸಾಧುವೇ, ಆದರೆ ಅದರ ಮುಖ ನೋಡಿದರೆ ನಾದಿನಿಯ ನೆನಪಾಗುತ್ತದೆ ಎಂದು ಬಿಟ್ಟಳು. ಫಾರಮ್ಮಿನ ಕೆಂಪು ಕೋಳಿಗಳು ಕೈಗೆ ಸಿಕ್ಕ ತಕ್ಷಣ ಕಣ್ಣು ಮುಚ್ಚುತ್ತಿದ್ದವು. "ಇದು ಸಾಧುತನ ಅಲ್ಲ ಇನ್ಶಿರಾಹಕ್ಕಾ, ಆಯಾಸ. ಮೊಟ್ಟೆ ಇಟ್ಟು ಇಟ್ಟು ಸುಸ್ತಾಗಿವೆ ಪಾಪ" ಎಂದಳು. ಕೊನೆಗೆ ಅವಳ ಮನಸ್ಸು ನಿಂತದ್ದು ಬ್ರಾಹ್ಮಾ ಎಂಬ ಜಾತಿಯ ಮೇಲೆ. ಕಾಲ್ಬೆರಳವರೆಗೂ ಗರಿಯ ಪಾಯಿಜಾಮ, ಮೈ ಒಂದು ದಿಂಬಿನಷ್ಟು, ಅವಸರವೆಂಬುದೇ ಗೊತ್ತಿಲ್ಲ. ಕಂಕುಳಲ್ಲಿ ಇಟ್ಟ ಮೇಲೆ ಇಳಿಸಿದರೆ ಅದಕ್ಕೇ ಬೇಜಾರು.

ಇಷ್ಟೆಲ್ಲ ಆರಿಸಿಯೂ ಹದಿನಾಲ್ಕು ಮಂಗಳವಾರ ಅವಳು ಬರಿಗೈಲಿ ಮನೆಗೆ ಬಂದಳು. ಕಾರಣ ಅವಳ ಗಂಡನ ಬಾಯಿ.

ಗಂಡ ಮಿತ್ವಲ್ಲಿ, ಊರವರ ಬಾಯಲ್ಲಿ ಉಸ್ತಾ, ಅಂದರೆ ಮೇಸ್ತ್ರಿ, ನಮ್ಮೂರ ಕಾಲುವೆಯ ನೀರಿನ ರಾಟೆಗಳ ಬಡಗಿ. ನಲವತ್ತು ವರ್ಷ ಮಂಡಿಯುದ್ದ ನೀರಲ್ಲಿ ನಿಂತು ರಾಟೆ ರಿಪೇರಿ ಮಾಡಿ, ಈಗ ಎರಡೂ ಮಂಡಿ ಹೋಗಿ, ಬಾಗಿಲ ಎದುರಿನ ದಿವಾನದ ಮೇಲೆ ಕೂತಿರುತ್ತಾನೆ. ಮಂಡಿ ಹೋದರೂ ಅಭಿಮಾನ ಹೋಗಿಲ್ಲ. ನೀರು ಅಂದರೆ ಫಯ್ಯೂಮಿನದು, ಅಂಜೂರ ಅಂದರೆ ಫಯ್ಯೂಮಿನದು, ಕೋಳಿ ಅಂದರೆ ಫಯ್ಯೂಮಿ ಕೋಳಿ. ಅದೇನು ಕೋಳಿಯೋ! ಬೆಳ್ಳಿ ಕತ್ತು, ಚುಕ್ಕಿ ಮೈ, ನೋಡಲು ಚೆಂದವೇ. ರೋಗ ಹತ್ತಿರ ಸುಳಿಯದು, ಮೊಟ್ಟೆಗೆ ಕೊರತೆಯಿಲ್ಲ. ಆದರೆ ಮನುಷ್ಯನ ನೆರಳು ಬಿದ್ದರೆ ಕೊಲೆಯಾದಂತೆ ಕಿರುಚಿ ಖರ್ಜೂರದ ಮರ ಹತ್ತುತ್ತದೆ. ತಫೀದಾಳ ಮಹಡಿಯ ನಾಲ್ಕು ಫಯ್ಯೂಮಿಗಳು ನನ್ನ ಮಹಡಿಯಲ್ಲೇ ಹೆಚ್ಚು ಇರುತ್ತಿದ್ದವು. ನಾನು ಒಣಗಿಸಿಟ್ಟು ಅವು ತಿಂದ ಬೆಂಡೆಕಾಯಿಯ ಲೆಕ್ಕ ಅಲ್ಲಾಹನೇ ಬಲ್ಲ.

ಒಂದು ದಿನ ಅವುಗಳ ಹಿಂದೆ ಓಡಿ ತಫೀದಾ ಮಹಡಿ ಮೆಟ್ಟಿಲಲ್ಲಿ ಜಾರಿದಳು. ಕೈಮಣಿಕಟ್ಟು ಊದಿತು. ಆಗ ಗಂಡನ ಎದುರು ದುಃಖ ತಡೆಯದೆ ಹೇಳಿಬಿಟ್ಟಳು: "ಮೂವತ್ತು ವರ್ಷ ಆಯ್ತು ಉಸ್ತಾ ಈ ಮನೆಗೆ ಬಂದು. ನಾನು ಕರೆದ್ರೆ ಓಡಿ ಬರೋ ಒಂದು ಜೀವ ಈ ಮನೇಲಿಲ್ಲ. ಮಕ್ಕಳನ್ನ ದೇವರು ಕೊಡ್ಲಿಲ್ಲ, ಬಿಡಿ. ಕೋಳಿನಾದ್ರೂ ಬರಬಾರ್ದಾ? ಎರಡು ಬ್ರಾಹ್ಮಾ ತರ್ತೀನಿ."

ಅವಳ ಗ್ರಹಚಾರಕ್ಕೆ ಮಿತ್ವಲ್ಲಿಯ ಹಳೆಯ ಜೊತೆಗಾರರು ಮೂವರು ಚಹಾಕ್ಕೆ ಬಂದು ಕೂತಿದ್ದರು. ನಮ್ಮ ಕಡೆ ಗಂಡಸರಿಗೆ ತಲಾಕಿನ ಆಣೆ ಎಂದರೆ ಊಟಕ್ಕೆ ಉಪ್ಪು ಇದ್ದ ಹಾಗೆ. ಇನ್ನೊಂದು ಲೋಟ ಚಹಾ ಕುಡಿಯದಿದ್ದರೆ ನನ್ನ ಹೆಂಡತಿಗೆ ತಲಾಕ್ ಎಂದು ಬೇಡವೆಂದ ನೆಂಟನಿಗೂ ಕುಡಿಸುತ್ತಾರೆ. ತನ್ನ ಸಂಸಾರ ಆ ಲೋಟದ ಮೇಲೆ ನಿಂತಿದೆ ಎಂದು ಒಳಗಿರುವ ಹೆಂಡತಿ ಇನ್ನೊಂದು ಚಮಚ ಸಕ್ಕರೆ ಸುರಿಯುತ್ತಾಳೆ. ಮಿತ್ವಲ್ಲಿ ಜೊತೆಗಾರರ ಮುಖ ನೋಡಿದ, ಮೀಸೆ ಮುಟ್ಟಿಕೊಂಡ, ಗುಡುಗಿದ: "ಫಯ್ಯೂಮಿ ಕೋಳಿ ಬಿಟ್ಟು ಬೇರೆ ಕೋಳಿ ಈ ಹೊಸ್ತಿಲು ದಾಟಿದ್ರೆ ನನ್ನ ಹೆಂಡತಿಗೆ ತಲಾಕ್!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಮುಖವೇ ಸಪ್ಪಗಾಯಿತು. ಆದರೆ ಮೂವರು ಕೇಳಿದ ಮೇಲೆ ಯಾವ ಗಂಡಸು ನುಂಗುತ್ತಾನೆ?

ಹದಿನೈದನೆಯ ಮಂಗಳವಾರ ಸಂತೆಯಿಂದ ಬರುವಾಗ ತಫೀದಾ ದಾರಿಯಲ್ಲೇ ನಿಂತಳು. "ಅಕ್ಕಾ, ಅವರು ಏನಂದ್ರು? ಮನೆಗೆ ಬಂದ್ರೆ ಅಂದ್ರೋ, ಹೊಸ್ತಿಲು ದಾಟಿದ್ರೆ ಅಂದ್ರೋ?"

"ಹೊಸ್ತಿಲು. ಗೋಡೆ ಈಚೆ ನನಗೇ ಕೇಳಿಸ್ತು."

ಅವಳು ಸರ್ರನೆ ಸಂತೆಗೆ ತಿರುಗಿದಳು. ಅಂದು ಮಧ್ಯಾಹ್ನ ಉಸ್ತಾ ಗೊರಕೆ ಹೊಡೆಯುತ್ತಿದ್ದಾಗ, ಅವನ ಮನೆಯ ಹಿಂದಿನ ಓಣಿಯಿಂದ ಎರಡು ಬ್ರಾಹ್ಮಾ ಕೋಳಿಗಳು, ನಾವು ಕಿಟಕಿಯಿಂದ ತರಕಾರಿ ಸೇದಿಕೊಳ್ಳುವ ಹಗ್ಗದ ಬುಟ್ಟಿಯಲ್ಲಿ ಮಹಡಿಗೆ ಏರಿದವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹಗ್ಗ ಸೇದಿದ ಪಾಪಿ ನಾನೇ. ಫಯ್ಯೂಮಿಯಾಗಿದ್ದರೆ ಬುಟ್ಟಿಯಲ್ಲೇ ದಂಗೆಯೇಳುತ್ತಿತ್ತು. ಇವೆರಡೂ ಮೆರವಣಿಗೆ ಹೊರಟ ಬೇಗಮ್ಮರ ಹಾಗೆ ಅತ್ತಿತ್ತ ನೋಡುತ್ತ ಏರಿದವು. ದೊಡ್ಡದಕ್ಕೆ ತಫೀದಾ 'ಹಾನಿಮ್' ಎಂದೇ ಹೆಸರಿಟ್ಟಳು, ದೊಡ್ಡಮನೆಯ ಯಜಮಾನಿಯನ್ನು ಕರೆಯುವ ಹಾಗೆ.

ಉಸ್ತಾನ ಮಂಡಿ ಮಹಡಿ ಹತ್ತುವುದಿಲ್ಲವಾದ್ದರಿಂದ ಎರಡು ತಿಂಗಳು ಗುಟ್ಟು ಗುಟ್ಟಾಗಿಯೇ ಉಳಿಯಿತು. ತಫೀದಾ ಮೇಲೆ ನಿಂತು "ತೀತೀ... ತೀತೀ..." ಎನ್ನುವುದೇ ತಡ, ಎರಡೂ ಪಾಯಿಜಾಮ ಎತ್ತಿಕೊಂಡ ಹಾಗೆ ತೊನೆಯುತ್ತ ಓಡಿ ಬಂದು ಅವಳ ಮಡಿಲೇರುತ್ತಿದ್ದವು. ಅವಳ ಮುಖ ನೋಡಲು ನಾನು ಕೆಲಸ ಬಿಟ್ಟು ಮಹಡಿ ಹತ್ತುತ್ತಿದ್ದೆ. ಹಾನಿಮಳ ದಪ್ಪ ಕಂದು ಮೊಟ್ಟೆ ತಿಂದು ಕೆಳಗೆ ಉಸ್ತಾ ಜೊತೆಗಾರರಿಗೆ ಹೇಳುತ್ತಿದ್ದ: "ನೋಡ್ರಯ್ಯಾ, ಇದು ಫಯ್ಯೂಮಿ ಕೋಳಿ ಮೊಟ್ಟೆ! ವಯಸ್ಸಾದಷ್ಟೂ ದೊಡ್ಡದಿಡ್ತವೆ!"

ಒಂದು ಬೆಳಗ್ಗೆ ತಫೀದಾ ತಂಗಿಯ ಮನೆಗೆ ಹೊರಟಳು. ಮಹಡಿ ಬಾಗಿಲಿಗೆ ಅಗುಳಿ ಹಾಕುವುದು ಮರೆತಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಅವಳು ಮರಳಿದಾಗ ನಾನೂ ಜೊತೆಗೆ ಒಳಗೆ ಕಾಲಿಟ್ಟೆ. ಉಸ್ತಾ ದಿವಾನದ ಮೇಲೆ ಅಲುಗಾಡದೆ ಕೂತಿದ್ದ. ಮುಂದೆ ಚಹಾ ತಣ್ಣಗಾಗಿತ್ತು. ಮಡಿಲಲ್ಲಿ ಹಾನಿಮ್ ಕಣ್ಣು ಮುಚ್ಚಿ ಮಲಗಿದ್ದಳು. ರಾಟೆಯ ಹಲ್ಲು ಕೆತ್ತಿದ ಅವನ ಒರಟು ಬೆರಳೊಂದು ಅವಳ ಕೊರಳಡಿ ಸವರುತ್ತಿತ್ತು.

"ಶ್! ಈಗ ತಾನೇ ಮಲಗಿದೆ" ಎಂದ. "ಮೆಟ್ಟಿಲಿಳಿದು ಬಂತು ಕಣೇ. ಒಂದೊಂದೇ ಮೆಟ್ಟಿಲು, ನನ್ನ ಹಾಗೆ. ಸೀದಾ ಬಂದು ಹತ್ತಿ ಕೂತ್ಕೊಂಡ್ತು. ನಾನು ಕರೀಲೂ ಇಲ್ಲ." ಅಷ್ಟು ಹೇಳಿದ ಮೇಲೆ ಕೋಳಿಯ ಕಾಲಿನ ಗರಿ ಅವನ ಕಣ್ಣಿಗೆ ಬಿತ್ತು. ಮುಖ ಬಿಳುಪೇರಿತು. "ಇದು ಫಯ್ಯೂಮಿ ಅಲ್ಲ... ತಫೀದಾ, ನಾನು ಆಣೆ ಇಟ್ಟಿದ್ದೆನಲ್ಲೇ!"

ತಫೀದಾ ಪರಗಂಡಸಿನ ಎದುರು ಬಂದವಳಂತೆ ಸೆರಗು ಮುಂದಕ್ಕೆಳೆದುಕೊಂಡು ಆಚೆ ನಡೆದು ನನ್ನ ಮನೆ ಮೆಟ್ಟಿಲ ಮೇಲೆ ಕೂತಳು. ತಲಾಕ್ ಆಗಿದ್ದರೆ ಅವನು ಅವಳಿಗೆ ಪರಗಂಡಸೇ ಆದನಲ್ಲ. ನನಗೆ ಅಳು, ಸಿಟ್ಟು ಎರಡೂ ಬಂತು. ಆ ಗಂಡಸಿನ ನಾಲಿಗೆಯನ್ನು ಅವನದೇ ರಾಟೆಗೆ ಕಟ್ಟಬೇಕು ಅನಿಸಿತು. ಮಸೀದಿಯ ಶೇಖ್ ಬದ್ರಾನರನ್ನು ನಾನೇ ಹೋಗಿ ಕರೆತಂದೆ.

ಶೇಖರು ಕೋಳಿಯನ್ನು ನೋಡಿದರು, ಉಸ್ತಾನನ್ನು ನೋಡಿದರು. "ನೀನು ಆಡಿದ ಮಾತು ಯಾವುದಪ್ಪಾ? ಅಕ್ಷರ ಬಿಡದೆ ಹೇಳು."

"ಹೊಸ್ತಿಲು ದಾಟಿದ್ರೆ ಅಂದಿದ್ದೆ, ಮೌಲಾನಾ."

"ಕೋಳಿ ಬಂದದ್ದು ಎಲ್ಲಿಂದ?"

"ಹಗ್ಗದಲ್ಲಿ, ಹಿಂದಿನ ಗೋಡೆಯಿಂದ" ಎಂದೆ ನಾನು. "ಸೇದಿದವಳು ನಾನೇ. ಹೊಸ್ತಿಲಿನ ಮುಖಾನೂ ಅದು ನೋಡಿಲ್ಲ."

ಶೇಖರು ಗಡ್ಡದೊಳಗೆ ನಕ್ಕರು. ಆಮೇಲೆ ಗಂಭೀರವಾಗಿ ಕೇಳಿದರು: "ಅದಿರಲಿ. ಆಣೆ ಇಟ್ಟಾಗ ಅವಳನ್ನ ಬಿಡಬೇಕು ಅಂತ ಮನಸ್ಸಲ್ಲಿತ್ತಾ?"

"ಅವಳನ್ನಾ?" ಎಂದ ಮಿತ್ವಲ್ಲಿ. "ಮಕ್ಕಳಿಲ್ಲ, ಇನ್ನೊಬ್ಬಳನ್ನ ಕಟ್ಕೋ ಅಂತ ನಮ್ಮಮ್ಮ ಸಾಯೋವರೆಗೂ ಕಾಡಿದ್ಳು. ಆಗ ಬಿಡದವನು ಕೋಳಿಗೆ ಬಿಡ್ತೀನಾ ಮೌಲಾನಾ? ಮೂರು ಜನ ಕೂತಿದ್ರು, ಬಾಯಿ ಜಾರ್ತು."

ತೆರೆದ ಬಾಗಿಲಾಚೆ ನನ್ನ ಮೆಟ್ಟಿಲ ಮೇಲೆ ತಫೀದಾ ಸೆರಗಿನಿಂದ ಮುಖ ಒತ್ತಿಕೊಂಡಳು. ಮೂವತ್ತು ವರ್ಷದಲ್ಲಿ ಅತ್ತೆಯ ಕಾಟವೆಲ್ಲ ಅವಳಿಗೆ ಗೊತ್ತಿತ್ತು. ಗಂಡನಿಗೆ ಕೊಟ್ಟ ಈ ಕಾಟ ಗೊತ್ತಿರಲಿಲ್ಲ.

"ಮನಸ್ಸಲ್ಲಿಲ್ಲ, ಹೊಸ್ತಿಲೂ ದಾಟಿಲ್ಲ. ಅವಳು ನಿನ್ನ ಹೆಂಡತಿಯೇ" ಎಂದರು ಶೇಖರು. "ಆದ್ರೂ ಇಂಥ ಆಣೆ ಇಟ್ಟ ಬಾಯಿಗೆ ಬುದ್ಧಿ ಬರಬೇಕು. ಹತ್ತು ಜನ ಬಡವರಿಗೆ ಊಟ ಹಾಕು."

"ಹಾಕ್ತೀನಿ. ಮಹಡೀಲಿ ನಾಲ್ಕು ಕೋಳಿ ಇವೆ" ಎಂದ ಉಸ್ತಾ, ಹಾನಿಮಳನ್ನು ಇನ್ನಷ್ಟು ಎದೆಗೆ ಒತ್ತಿಕೊಂಡು. "ಫಯ್ಯೂಮಿ ಕೋಳಿ. ರುಚಿಗೂ ಅದಕ್ಕೆ ಸಾಟಿ ಇಲ್ಲ."

ಅವನ್ನು ಹಿಡಿಯಲು ನಮ್ಮ ಓಣಿಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ಹತ್ತು ಜನ ಕೋಳಿಸಾರು, ಅನ್ನ, ಮುಲೂಖಿಯಾ ಸೊಪ್ಪು ಉಂಡು ಹರಸಿ ಹೋದರು. ನನ್ನ ಬೆಂಡೆಕಾಯಿ ಅಂದಿನಿಂದ ಸುಖವಾಗಿ ಒಣಗುತ್ತಿದೆ.

ಶೇಖರು ಎದ್ದು ಹೋದ ಆ ಸಂಜೆಯದು ಹೇಳುವುದು ಉಳಿಯಿತು. ತಫೀದಾ ನನ್ನ ಮೆಟ್ಟಿಲಿಂದೆದ್ದು ತನ್ನ ಬಾಗಿಲಿಗೆ ಹೋದಳು. ಒಳಗೆ ಕಾಲಿಡಲು ಅದೇನೋ ಹೊಸ ಮದುವಣಗಿತ್ತಿಯ ನಾಚಿಕೆ. ಹೊಸ್ತಿಲಾಚೆ ನಿಂತು, ಬೇರೇನೂ ತೋಚದೆ, ಮೆಲ್ಲಗೆ ಕರೆದಳು: "ತೀತೀ... ತೀತೀ..."

ಹಾನಿಮ್ ದಿವಾನದಿಂದ ಧುಪ್ಪನೆ ಇಳಿದಳು. ಅವಳಿಗಿಂತ ಮೊದಲು, ಎರಡೂ ಮಂಡಿ ಹಿಡಿದುಕೊಂಡು, ಗೋಡೆ ಆನಿಸಿಕೊಂಡು ಉಸ್ತಾ ಮಿತ್ವಲ್ಲಿ ಬಾಗಿಲಿಗೆ ಬಂದು ನಿಂತಿದ್ದ.

"ಕೋಳೀನ ಕರೆದ್ಯೋ, ನನ್ನನ್ನೋ?" ಎಂದ ಏದುಸಿರು ಬಿಡುತ್ತ.

"ಯಾರು ಮೊದಲು ಬಂದ್ರೋ ಅವರನ್ನೇ" ಎಂದು ತಫೀದಾ ಹೊಸ್ತಿಲು ದಾಟಿದಳು.