ಕಡಲ ಬದಿಯ ಲೆಕ್ಕ

ಅಕ್ಕನ ಎಸೆತಗಳ ಲೆಕ್ಕ ಬರೆದ ನೋಟ್‌ಬುಕ್ಕಿನ ಮೊದಲ ಒಂಬತ್ತು ಪುಟಗಳಲ್ಲಿ ಎರಡು ಕಾಲಂ ಇವೆ. ಹತ್ತನೆಯ ಪುಟದಿಂದ ಒಂದೇ. ಇನ್ನೊಂದನ್ನು ಬಿಟ್ಟವಳು ನಾನು.

ಅಕ್ಕ ಹೊನ್ನಾವರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ಕಾಲೇಜಿನಲ್ಲಿದ್ದಾಗ ಗುಂಡು ಎಸೆಯುತ್ತಿದ್ದಳು. ಮೊಣಕಾಲು ಕೆಟ್ಟ ಮೇಲೆ ಅದು ನಿಂತಿತು. ಮೂವತ್ತೊಂದನೆಯ ವಯಸ್ಸಿಗೆ ಅವಳ ಕೈಗೆ ಸಿಕ್ಕಿದ್ದು ಲಾನ್ ಬೌಲ್ಸ್: ಹುಲ್ಲಿನ ಮೇಲೆ ತೂಕದ ಚೆಂಡನ್ನು ಉರುಳಿಸಿ, ದೂರದಲ್ಲಿಟ್ಟ ಪುಟ್ಟ ಬಿಳಿ ಚೆಂಡಿನ ಹತ್ತಿರ ನಿಲ್ಲಿಸುವ ಆಟ.

ಅದನ್ನು ಹೇಳಿಕೊಟ್ಟವರು ಅವಳ ಕಾಲೇಜು ಗೆಳತಿಯ ತಂದೆ. ಭಟ್ಕಳದವರು, ಬಹಳ ವರ್ಷ ಹೊರದೇಶದಲ್ಲಿದ್ದು ಅಲ್ಲಿ ಈ ಆಟ ಕಲಿತವರು. ನಾವು ಅವರ ಮನೆಗೆ ಹೋದ ದಿನ ಮೇಜಿನ ಮೇಲೆ ನಾಲ್ಕು ಚಹಾ ಕಪ್ಪು ಸಾಲಾಗಿ ಇಟ್ಟು ದಾರಿ ತೋರಿಸಿದರು. ಮೊದಲನೆಯದು ರಾಜ್ಯ ತಂಡದ ಆಯ್ಕೆ, ಎರಡನೆಯದು ರಾಷ್ಟ್ರೀಯ ಪಂದ್ಯ, ಮೂರನೆಯದು ಅಲ್ಲಿ ಚೆನ್ನಾಗಿ ಆಡಿದವರನ್ನು ಕರೆಯುವ ಶಿಬಿರ. ಶಿಬಿರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ ಆರಿಸಿದ ಕೆಲವರು ಮಾತ್ರ ನಾಲ್ಕನೆಯ ಕಪ್ಪಿಗೆ, ಅಂದರೆ ಹಲವು ದೇಶಗಳು ಸೇರುವ ದೊಡ್ಡ ಕ್ರೀಡಾಕೂಟಕ್ಕೆ. ನಮ್ಮಲ್ಲಿ ಇದನ್ನು ಆಡುವ ಹೆಂಗಸರು ಕಡಿಮೆ, ಮೊದಲ ಕಪ್ಪು ದಾಟಿದರೆ ಉಳಿದದ್ದು ದೂರವಲ್ಲ ಎಂದರು. ತಮ್ಮ ನಾಲ್ಕು ಚೆಂಡುಗಳನ್ನು ಅಕ್ಕನಿಗೆ ಕೊಟ್ಟು ಕಳಿಸಿದರು. ಕುಮಟೆಯವರೆಗೆ ಬಸ್ಸಿನಲ್ಲಿ ಅಕ್ಕ ಆ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ಹುಲ್ಲಂಗಳ ನಮ್ಮ ಕಡೆ ಎಲ್ಲಿಂದ ಬರಬೇಕು? ಹೊಳನಗದ್ದೆಯ ನಮ್ಮ ಮನೆಯಿಂದ ಕಡಲ ದಂಡೆ ಹತ್ತಿರ. ಇಳಿತದ ಹೊತ್ತಿಗೆ ಅಲ್ಲಿಯ ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿ. ನಾನು ಪ್ರತಿದಿನದ ಇಳಿತದ ಸಮಯ ಬರೆದಿಟ್ಟುಕೊಂಡೆ. ಅಕ್ಕ ಎಸೆದಳು, ನಾನು ಗೀಟು ಹಾಕಿದೆ. ಬಿಳಿ ಚೆಂಡಿನಿಂದ ಒಂದು ಮೊಳದೊಳಗೆ ನಿಂತರೆ ಒಂದು ಗೀಟು.

ಮೀನು ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಹೋಗುವ ಅಜ್ಜಿಯೊಬ್ಬಳು ನಾಲ್ಕು ದಿನ ಸುಮ್ಮನೆ ನೋಡಿ, ಐದನೆಯ ದಿನ ನಿಂತಳು.

“ಟೀಚರೇ, ದಿನಾ ಒಗೀತೆ, ದಿನಾ ಹೆಕ್ತೆ. ಒಗೀದೇ ಇದ್ರೆ ಹೆಕ್ಕೂ ಕೆಲ್ಸನೂ ಇಲ್ಲ ಅಲ್ದಾ?”

ಅಕ್ಕ ನಕ್ಕು ನಕ್ಕು ಮುಂದಿನ ಎಸೆತ ಕೆಡಿಸಿದಳು. ಅದನ್ನೂ ಬರೆದಿದ್ದೇನೆ.

ಆ ಚೆಂಡು ಪೂರ್ತಿ ದುಂಡಗಿರುವುದಿಲ್ಲ. ಉರುಳುತ್ತ ನಿಧಾನವಾದಾಗ ಒಂದು ಕಡೆಗೆ ಬಾಗುತ್ತದೆ. ಹಾಗಾಗಿ ಗುರಿಗೆ ನೇರ ಎಸೆಯುವಂತಿಲ್ಲ. ಪಕ್ಕಕ್ಕೆ ಬಿಟ್ಟು, ಅದು ತಿರುಗಿ ಗುರಿಯ ಹತ್ತಿರ ಬರುವಂತೆ ಮಾಡಬೇಕು. ಚೆಂಡನ್ನು ಕೈಯಲ್ಲಿ ಮಗುಚಿ ಹಿಡಿದರೆ ಬಾಗುವ ದಿಕ್ಕೂ ಬದಲಾಗುತ್ತದೆ. ನನ್ನ ಎರಡು ಕಾಲಂ ಇದ್ದದ್ದು ಇದಕ್ಕೇ. ಕಡಲ ಬದಿಗೆ ಬಿಟ್ಟದ್ದು ಒಂದರಲ್ಲಿ, ತೆಂಗಿನ ತೋಟದ ಬದಿಗೆ ಬಿಟ್ಟದ್ದು ಇನ್ನೊಂದರಲ್ಲಿ. ಒಂಬತ್ತು ದಿನಕ್ಕೆ ಒಂದೊಂದು ಬದಿಗೆ ನೂರ ಎಂಬತ್ತು ಎಸೆತ. ತೋಟದ ಬದಿಯಲ್ಲಿ ಗೀಟು ನೂರ ಹನ್ನೆರಡು, ಕಡಲ ಬದಿಯಲ್ಲಿ ನಲವತ್ತೊಂದು.

ಕೂಡಿಸಿದ ಕೂಡಲೇ ನನಗೆ ಅರ್ಥವಾಗಿತ್ತು. ದಂಡೆ ಕಡಲಿನ ಕಡೆಗೆ ಇಳಿಜಾರು. ತೋಟದ ಬದಿಗೆ ಬಿಟ್ಟ ಚೆಂಡನ್ನು ಇಳಿಜಾರೇ ಎಳೆದು ತರುತ್ತಿತ್ತು. ಕಡಲ ಬದಿಗೆ ಬಿಟ್ಟದ್ದು ಏರು ಹತ್ತಲಾರದೆ ಅಲ್ಲೇ ಉಳಿಯುತ್ತಿತ್ತು. ಸಮತಟ್ಟು ನೆಲದಲ್ಲಿ ಈ ಎರಡು ಲೆಕ್ಕವೂ ನಿಲ್ಲುವುದಿಲ್ಲ.

ಅಷ್ಟರಲ್ಲಿ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಎಷ್ಟಾಯಿತೆಂದು ಕೇಳಿದಳು. ನೂರ ಹನ್ನೆರಡು ಎಂದೆ. ಅಷ್ಟನ್ನೇ ಹೇಳಿದೆ. ಮೊಣಕಾಲು ಕೆಟ್ಟ ಮೇಲೆ ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ನೋಡಿರಲಿಲ್ಲ. ಇದು ಇಳಿಜಾರಿನ ಕೆಲಸ ಎಂದರೆ ಬೈಯುತ್ತಾಳೆ ಎಂಬ ಹೆದರಿಕೆಯೂ ಇತ್ತು. ದಂಡೆಯಲ್ಲಿ ಆಡೋಣ ಎಂದಿದ್ದವಳು ನಾನೇ. ಮರುದಿನ, ಕಡಲ ಬದಿಗೆ ಬಿಟ್ಟರೆ ಚೆಂಡು ನೀರಿಗೆ ಹೋಗುತ್ತದೆ, ತೋಟದ ಬದಿಗೇ ಬಿಡು ಎಂದೆ. ಅವಳು ಒಪ್ಪಿದಳು. ಅವಳ ಶಾಲೆಯ ಸಭಾಂಗಣದ ನೆಲ ಸಮತಟ್ಟಾಗಿತ್ತು. ಕೇಳಿದ್ದರೆ ರಜಾದಿನ ಬಿಟ್ಟುಕೊಡುತ್ತಿದ್ದರು. ಆ ಮಾತನ್ನು ನಾನು ಎತ್ತಲೇ ಇಲ್ಲ. ಮೂರು ತಿಂಗಳು ನನ್ನ ಒಂದೇ ಕಾಲಂ ಏರುತ್ತ ಹೋಯಿತು.

ಆಯ್ಕೆ ನಡೆದದ್ದು ಘಟ್ಟದ ಮೇಲಿನ ಊರಿನಲ್ಲಿ. ಬಂದವರು ಒಂಬತ್ತು ಹೆಂಗಸರು, ಬೇಕಾದವರು ಐದು. ಒಬ್ಬೊಬ್ಬರಿಗೆ ಹದಿನಾರು ಎಸೆತ, ಎಂಟಾದ ಮೇಲೆ ಸ್ವಲ್ಪ ಬಿಡುವು. ನಾನು ಬೇಲಿಯ ಹೊರಗೆ ನೋಟ್‌ಬುಕ್ಕು ಹಿಡಿದು ಕೂತಿದ್ದೆ.

ಅಕ್ಕನ ಮೊದಲ ಚೆಂಡು ಪಕ್ಕಕ್ಕೆ ಹೋಯಿತು, ತಿರುಗಿ ಬರಲಿಲ್ಲ. ಎರಡನೆಯದೂ ಹಾಗೆಯೇ. ಎಂಟು ಎಸೆತಕ್ಕೆ ಒಂದು ಗೀಟು. ಬಿಡುವಿನಲ್ಲಿ ಅವಳು ನೀರು ಕುಡಿಯಲು ಬೇಲಿಯ ಹತ್ತಿರ ಬಂದಳು.

“ಎಂತ ಆಗ್ತದೆ ತಂಗೀ? ಸರಿಯಾಗೇ ಬಿಡ್ತೆ ನಾ. ಚೆಂಡು ಬರೂದೇ ಇಲ್ಲ.”

ಇಲ್ಲಿ ಇಳಿಜಾರಿಲ್ಲ, ಒಂದು ಮಾರು ಒಳಗೆ ಬಿಡು. ಇಷ್ಟು ಹೇಳಿದ್ದರೆ ಉಳಿದ ಎಂಟು ಎಸೆತ ಅವಳದಾಗಿರುತ್ತಿದ್ದವು. ಆದರೆ ಅದನ್ನು ಹೇಳಿದರೆ ಮೂರು ತಿಂಗಳಿಂದ ಗೊತ್ತಿತ್ತು ಎಂದೂ ಹೇಳಬೇಕಿತ್ತು.

“ಹೆದರ್ಕಬೇಡ” ಎಂದೆ.

ಅವಳು ನನ್ನನ್ನು ನೋಡಿದಳು. ತನಗೆ ಹೆದರಿಕೆಯಾಗಿದೆ ಎಂಬುದು ಅವಳಿಗೆ ಆಗಷ್ಟೇ ಹೊಳೆದ ಹಾಗಿತ್ತು. ಹದಿನಾರಕ್ಕೆ ಮೂರು ಗೀಟು. ಅಕ್ಕ ಏಳನೆಯವಳು.

ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: ಹೆದರಿಬಿಟ್ಟೆ, ಕೈ ನಡುಗಿತು. ಶಾಲೆಯಲ್ಲೂ ಹಾಗೆಯೇ ಹೇಳಿದಳು, ಮೀನಿನ ಅಜ್ಜಿಗೂ ಹೇಳಿದಳು. ಮೂರನೆಯ ವಾರ ಭಟ್ಕಳಕ್ಕೆ ಹೋಗಿ ಚೆಂಡುಗಳನ್ನು ಹಿಂದೆ ಕೊಟ್ಟು ಬಂದಳು. ಆ ಸಂಜೆ ನಾನು ನೋಟ್‌ಬುಕ್ಕು ತೆಗೆದು ಒಂಬತ್ತು ಪುಟಗಳನ್ನೂ ಅವಳ ಮುಂದೆ ಇಟ್ಟೆ. ಇಳಿಜಾರಿನ ಮಾತನ್ನೂ, ಬೈಯುತ್ತೀ ಎಂದು ಅದನ್ನು ಮುಚ್ಚಿಟ್ಟದ್ದನ್ನೂ ಹೇಳಿದೆ.

ಅವಳು ಬೆರಳಿಟ್ಟು ಗೀಟು ಎಣಿಸಿದಳು. ಕಡಲ ಬದಿಯದನ್ನು ಎರಡು ಸಲ ಎಣಿಸಿದಳು.

“ಬೈಸ್ಕಳೂಕೆ ಹೆದ್ರಿದ್ದು ನೀನು” ಎಂದಳು. “ನಾ ಹೆದ್ರಿದೆ ಅಂತ ಊರೆಲ್ಲ ಹೇಳ್ಕಂಡು ಬಂದೆ.”

ಬೈಯಲಿಲ್ಲ. ನೋಟ್‌ಬುಕ್ಕು ಮುಚ್ಚಿ ನನ್ನ ಕೈಗೇ ಕೊಟ್ಟು, ಆತು, ಊಟಕ್ಕೆ ಏಳು ಎಂದಳು.

ಮುಂದಿನ ಆಯ್ಕೆಗೆ ಹೆಸರು ಕೊಡುವ ಕೊನೆಯ ದಿನ ಕಳೆದ ಶುಕ್ರವಾರವಾಗಿತ್ತು. ಅರ್ಜಿಯನ್ನು ನಾನು ತುಂಬಿಸಿಟ್ಟಿದ್ದೆ, ಅವಳ ಸಹಿ ಒಂದೇ ಬಾಕಿ. ಗುರುವಾರ ಅದನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟೆ. ಅವಳು ಓದಿದಳು, ಹುಟ್ಟಿದ ದಿನಾಂಕ ಸರಿ ಇದೆ ಎಂದಳು, ಸಹಿಯ ಜಾಗ ಖಾಲಿ ಬಿಟ್ಟೇ ಮಡಚಿ ನನಗೆ ವಾಪಸು ಕೊಟ್ಟು ಶಾಲೆಯ ಬಸ್ಸಿಗೆ ಹೊರಟಳು.