ಗಿರಿಜತ್ತೆಯ ಟಗರು ಸೈಕಲ್ಲು

ನಮ್ಮ ಗಿರಿಜತ್ತೆಯ ಸೈಕಲ್ಲಿನ ಕಥೆಯನ್ನು ಬೆಳಗೋಡಿನ ಕಡೆ ನೀವು ಯಾರ ಬಾಯಲ್ಲಿ ಕೇಳಿದರೂ ಅದು ಒಂದೇ ಮಾತಿನಲ್ಲಿ ಮುಗಿಯುತ್ತದೆ: "ಪಾಪ, ಕಿವಿ ಕೇಳಲ್ಲ ಅಂತ ಭೈರವಸ್ವಾಮಿನೇ ಬಂದು ಕಿವೀಲಿ ಹೇಳ್ಬುಟ್ಟ ಕಣ್ರೀ." ಇದನ್ನು ನಾನು ಒಪ್ಪುವುದಿಲ್ಲ. ಕಿವಿ ಕೇಳದವಳಿಗೆ ಕಿವಿಯಲ್ಲೇ ಬಂದು ಹೇಳುವ ದೇವರ ವ್ಯವಹಾರಜ್ಞಾನದ ಮೇಲೆ ನನಗೆ ಮೊದಲಿಂದಲೂ ಅನುಮಾನ. ಅದೂ ಅಲ್ಲದೆ ಆವತ್ತು ಆ ದಿಣ್ಣೆಯಲ್ಲಿ ಇದ್ದವರು ಇಬ್ಬರೇ. ಮುಂದೆ ಅತ್ತೆ, ಹಿಂದೆ ಏದುಸಿರು ಬಿಡುತ್ತ ನಾನು. ದೇವರು ಅವಳ ಕಿವಿಗೆ ಹೋಗಬೇಕಿದ್ದರೆ ನನ್ನನ್ನು ದಾಟಿಕೊಂಡೇ ಹೋಗಬೇಕಿತ್ತು. ಯಾರೂ ದಾಟಲಿಲ್ಲ.

ಈ ಹಳೆಯ ತಕರಾರು ಮತ್ತೆ ತಲೆಗೆ ಬಂದದ್ದು ಹೋದ ವಾರ, ಒಂದು ಸದ್ದಿನಿಂದ. ಹಟ ಹಿಡಿದು ನಾನೂ ಒಂದು ತೆಳು ಟೈರಿನ ರೇಸ್ ಸೈಕಲ್ಲು ಕೊಂಡು ಊರಿಗೆ ತಂದಿದ್ದೇನೆ. ಹೊಸ ಸೈಕಲ್ಲಿಗೆ ಹೊಂದಿಕೊಳ್ಳುವುದು ಹೊಸ ಚಪ್ಪಲಿಗೆ ಹೊಂದಿಕೊಂಡ ಹಾಗಲ್ಲ ನೋಡಿ. ಚಪ್ಪಲಿ ಕಾಲನ್ನಷ್ಟೇ ಕಚ್ಚುತ್ತದೆ; ಸೈಕಲ್ಲು ಅಂಗೈ, ಕತ್ತು, ಸೊಂಟ, ಆಮೇಲೆ ಮರ್ಯಾದಸ್ಥರು ಹೆಸರು ಹೇಳದ ಜಾಗಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿಕೊಳ್ಳುತ್ತದೆ. ಅದನ್ನೆಲ್ಲ ಸಹಿಸಿಕೊಂಡು ಊರ ದಿಣ್ಣೆ ಹತ್ತುವಾಗ ಬಂತು: ಕಿರ್ರ್, ಟಕ್. ಮತ್ತೆ ಕಿರ್ರ್, ಟಕ್. ಇಳಿದು ನೋಡಿದರೆ ಇಲ್ಲ. ಹತ್ತಿ ತುಳಿದರೆ ಇದೆ. ನಾನು ಸೈಕಲ್ಲನ್ನು ರಸ್ತೆಬದಿಯ ಕಲ್ಲಿಗೆ ಒರಗಿಸಿ ನಕ್ಕುಬಿಟ್ಟೆ. ಈ ಸದ್ದಿನ ಪರಿಚಯ ನನಗೆ ಹಳೆಯದು.

ಗಿರಿಜತ್ತೆ ಅಪ್ಪನ ತಂಗಿ. ನಮ್ಮ ಜೊತೆಗೇ ಇದ್ದವಳು. ಯಾಕೆ ಮದುವೆಯಾಗಲಿಲ್ಲ ಎಂದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು. ಮಗ್ಗೆಯ ದಾರಿಯಲ್ಲಿ ಅವಳ ಪಾಲಿನ ಸಣ್ಣದೊಂದು ಕಾಫಿ ತೋಟವಿತ್ತು. ಗಿಡ ಸವರಿಸುವುದು, ಹಣ್ಣು ಕುಯ್ಯಿಸುವುದು, ಆಳುಗಳ ಜಗಳ ಬಿಡಿಸುವುದು, ಎಲ್ಲ ಅವಳದೇ. ಕುಯ್ಲಿನ ಕಾಲದಲ್ಲಿ ನಮ್ಮ ಕಾಫಿ ಸ್ಟೋರಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮತ್ತು ಅದರ ಡೀಸೆಲ್ ಎಂಜಿನ್ನಿನ ಪಕ್ಕ ಅವಳೇ ನಿಲ್ಲುತ್ತಿದ್ದಳು. ವರ್ಷ ವರ್ಷ ಹೀಗೆ ನಿಂತು ನಲವತ್ತರ ಹೊತ್ತಿಗೆ ಕಿವಿ ಮಂದವಾಗುತ್ತ ಬಂತು. ಹಾಸನದ ಡಾಕ್ಟರು ಎಂಜಿನ್ನಿನ ಮೇಲೆ ತಪ್ಪು ಹೊರಿಸಿದರು. ಅಜ್ಜಿ ತನ್ನ ಗಂಡನ ವಂಶದ ಮೇಲೆ ಹೊರಿಸಿದಳು. ಅತ್ತೆ ಯಾರ ಮೇಲೂ ಹೊರಿಸದೆ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು. ಅಪ್ಪ ಅವಳಿಗೆ ಕೇಳಲೆಂದು ಕೂಗಿ ಮಾತಾಡಿದರೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಕೂಗ್ಬೇಡ ಅಣ್ಣಯ್ಯ. ಕೂಗುದ್ರೆ ನಿನ್ ಮೂತಿ ಸೊಟ್ಟಗಾಯ್ತೈತೆ, ಮಾತು ಕಾಣ್ಸದಿಲ್ಲ."

ಇಂಥವಳು ತೊಂಬತ್ತರ ದಶಕದ ಕೊನೆಗೆ ಒಂದು ದಿನ ಹಾಸನಕ್ಕೆ ಹೋಗಿ, ಬಸ್ಸಿನ ಟಾಪಿನ ಮೇಲೆ ಕಟ್ಟಿಸಿಕೊಂಡು ರೇಸ್ ಸೈಕಲ್ಲು ತಂದಳು. ಅದರ ಹ್ಯಾಂಡಲ್ಲು ಎರಡೂ ಕಡೆ ಕೆಳಕ್ಕೆ ಸುರುಳಿ ಸುತ್ತಿತ್ತು. ಊರವರು ಮೊದಲ ದಿನವೇ ಅದಕ್ಕೆ "ಟಗರು" ಎಂದು ಹೆಸರಿಟ್ಟರು. ಚೂಡಿದಾರದ ಮೇಲೆ ಅಪ್ಪನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಅತ್ತೆ ಅದರ ಮೇಲೆ ಬಗ್ಗಿ ಕೂತದ್ದನ್ನು ಕಂಡು ಅಜ್ಜಿ ಹಣೆ ಚಚ್ಚಿಕೊಂಡಳು. "ಲೇ ಗಿರಿಜಾ, ಗದ್ದೇಲಿ ನಾಟಿ ಮಾಡೋಳ ಥರ ಬಗ್ಗಿದೀಯಲ್ಲೇ! ಇದ್ರ ಮ್ಯಾಲೆ ಕುಂತ್ಕಂಡು ಎಲ್ಲಿಗೆ ಹೋದೀಯೇ?"

"ತೋಟಕ್ಕೆ," ಎಂದಳು ಅತ್ತೆ.

ಆಮೇಲೆ ಶುರುವಾಯಿತು ಆ ಸದ್ದು. ದಿಣ್ಣೆ ಹತ್ತುವಾಗ ಪ್ರತಿ ತುಳಿತಕ್ಕೂ ಕಿರ್ರ್, ಟಕ್. ಅವಳು ಊರ ಬಾಗಿಲಿಗೆ ಬಂದಳೆಂಬುದು ಅವಳು ಕಾಣುವ ಮೊದಲೇ ಎಲ್ಲರಿಗೂ ಗೊತ್ತಾಗುತ್ತಿತ್ತು, ಅವಳೊಬ್ಬಳಿಗೆ ಬಿಟ್ಟು. ಮಕ್ಕಳು ಹಿಂದೆ ಓಡುತ್ತ "ಟಗರು ಹಲ್ಲು ಕಡೀತೈತೆ" ಎಂದು ನಗುತ್ತಿದ್ದರು. ಅಪ್ಪನಿಗೆ ಮಾತ್ರ ನಗು ಬರಲಿಲ್ಲ.

ಕಣದಲ್ಲಿ ಕಾಫಿ ಹರವುತ್ತಿದ್ದಾಗ ಮಾತು ತೆಗೆದ. "ತನ್ನ ಕುಂಡಿ ಕೆಳಗಿನ ಸದ್ದೇ ಕೇಳ್ದೋಳಿಗೆ ಹಿಂದಿಂದ ಬರೋ ಲಾರಿ ಕೇಳ್ತದಾ? ಸಾಕು. ತೋಟದ ಆಳು, ಲೆಕ್ಕ ನೋಡ್ಕಳಕ್ಕೆ ಒಬ್ಬ ರೈಟರನ್ನ ಇಡಾನ. ಇವಳು ಮನೇಲಿರ್ಲಿ."

ನಾನಾಗ ಹಾಸನದ ಕಾಲೇಜಿನಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಒಂದೆರಡು ಕಪ್ಪು ಗೆದ್ದು, ಮನೆಯಲ್ಲಿ "ಲಾಯರಮ್ಮ" ಎಂಬ ಅಡ್ಡಹೆಸರು ಸಂಪಾದಿಸಿದ್ದೆ. ಯಾರೂ ಕೇಳದಿದ್ದರೂ ಅಪ್ಪನ ಮಾತಿನ ಪರವಾಗಿ ಎದ್ದು ನಿಂತೆ. ರಸ್ತೆ ಎಂಬುದು ಎಲ್ಲರದು, ಕಿವಿಯೂ ಕಣ್ಣಿನಷ್ಟೇ ಅಗತ್ಯ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ, ಇತ್ಯಾದಿ. ಗಂಟೆ ಬಾರಿಸುವವರಿಲ್ಲದ್ದರಿಂದ ಬಹಳ ಹೊತ್ತು ಮಾತಾಡಿದೆ. ಅತ್ತೆ ನನ್ನ ತುಟಿಯನ್ನೇ ನೋಡುತ್ತ ಪೂರ್ತಿ ಕೇಳಿದಳು. ಕೇಳಿದಳು ಎಂದೇ ಬರೆಯುತ್ತಿದ್ದೇನೆ, ಬೇರೆ ಮಾತು ಸಿಗುತ್ತಿಲ್ಲ. ತೋಟ ಕೈಬಿಟ್ಟು ಹೋಗುತ್ತದೆಂಬ ಭಯ ಅವಳಿಗೆ ಇತ್ತೋ ಏನೋ, ಮುಖದಲ್ಲಿ ಕಾಣಲಿಲ್ಲ. ಕೈಯಲ್ಲಿದ್ದ ಕಾಫಿ ಬೀಜವನ್ನು ಮಾತ್ರ ಉಗುರಿನಿಂದ ಸುಲಿಯುತ್ತಲೇ ಇದ್ದಳು.

"ಆಯ್ತು. ಆ ಸದ್ದು ಎಲ್ಲಿಂದ ಬತ್ತೈತೆ ಅಂತ ಹೇಳ್ರಿ ನೋಡಾನ."

"ಪೆಡಲಿಂದ," ಎಂದ ಅಪ್ಪ. "ಸೀಟಿಂದ," ಎಂದೆ ನಾನು. "ಚೈನು ಕಣೇ, ಎಣ್ಣೆ ಕಂಡಿಲ್ಲ ಅದು," ಎಂದಳು ಅಜ್ಜಿ.

ಅತ್ತೆ ಬೀಜದ ಸಿಪ್ಪೆಯನ್ನು ಊದಿ ಹಾರಿಸಿದಳು. "ಮೂರು ಜನ, ಆರು ಕಿವಿ, ಮೂರು ಜಾಗ. ಇಂಥಾ ಕಿವಿ ಕಟ್ಕಂಡು ನಾನೇನ್ ಮಾಡ್ಲಿ? ನಾನೇ ಹುಡುಕ್ತೀನಿ. ಸಿಕ್ಕುದ್ರೆ ರೈಟರ್ ಮಾತು ಎತ್ತಂಗಿಲ್ಲ."

ಎದುರಾಳಿಯಾಗಿ ಹೇಳುತ್ತೇನೆ: ಅಷ್ಟು ಅಚ್ಚುಕಟ್ಟಾದ ಖಂಡನೆಯನ್ನು ನಾನು ಯಾವ ವೇದಿಕೆಯಲ್ಲೂ ಎದುರಿಸಿರಲಿಲ್ಲ.

ಮರುದಿನ ಸೈಕಲ್ಲನ್ನು ಸ್ಟೋರಿನ ಗೋಡೆಗೆ ಒರಗಿಸಿ, ನನ್ನನ್ನು ಮೇಲೆ ಕೂರಿಸಿ, ಬ್ರೇಕು ಬಿಗಿಯಾಗಿ ಹಿಡಿದು ಪೆಡಲ್ಲನ್ನು ಅದುಮಲು ಹೇಳಿದಳು. ನಾನು ಅದುಮಿದಾಗೆಲ್ಲ ಕಿರ್ರ್ ಎನ್ನುತ್ತಿತ್ತು. ಅವಳು ಕಣ್ಣು ಮುಚ್ಚಿ, ಬೆರಳ ತುದಿಯನ್ನು ಸೀಟಿನ ಕೆಳಗೆ, ಪೆಡಲಿನ ಬುಡಕ್ಕೆ, ಚೈನಿಗೆ, ಒಂದೊಂದೇ ಕಡೆ ಇಟ್ಟು ಇಟ್ಟು ತೆಗೆದಳು. ತಡೆದುಕೊಂಡ ಉಸಿರಿನ ಒಂದು ಬಗೆಯ ನಿಶ್ಶಬ್ದವಿದೆಯಲ್ಲ, ಅದು ಅವಳ ಮೈತುಂಬ ಇತ್ತು. ಕೊನೆಗೆ ಹಿಂದಿನ ಚಕ್ರದಲ್ಲಿ, ಒಂದು ಕಡ್ಡಿ ಇನ್ನೊಂದನ್ನು ಅಡ್ಡ ಹಾಯುವ ಜಾಗದಲ್ಲಿ ಅವಳ ಬೆರಳು ನಿಂತಿತು. ಕಣ್ಣು ಬಿಟ್ಟು, ನನ್ನನ್ನು ಇಳಿಸಿ, ತಾನು ಪೆಡಲು ಅದುಮಿ, ನನ್ನ ಬೆರಳನ್ನು ಅಲ್ಲಿ ಇಡಿಸಿದಳು.

ಗುಬ್ಬಿಮರಿಯನ್ನು ಎಂದಾದರೂ ಕೈಯಲ್ಲಿ ಹಿಡಿದಿದ್ದೀರಾ? ಹಾಗೆ ಮಿಡಿಯುತ್ತಿತ್ತು. ಎರಡು ತಂತಿಗಳು ಒಂದನ್ನೊಂದು ಉಜ್ಜಿಕೊಳ್ಳುವುದು ಬೆರಳಿಗೆ ಸ್ಪಷ್ಟ. ಆದರೆ ನನ್ನ ಕಿವಿ ಇನ್ನೂ ಹಟ ಹಿಡಿದು ಹೇಳುತ್ತಿತ್ತು, ಸದ್ದು ಸೀಟಿನ ಕೆಳಗಿಂದಲೇ ಬರುತ್ತಿದೆ ಎಂದು. ಟೊಳ್ಳು ಕೊಳವೆಗಳ ಮೂಲಕ ಹರಿದು ಸದ್ದು ಎಲ್ಲೋ ಹೊರಬೀಳುತ್ತಿತ್ತು, ಕಿವಿ ಅದನ್ನು ನಂಬಿಕೊಂಡಿತ್ತು. ನನ್ನದೇ ದೇಹದ ಇಬ್ಬರು ಸಾಕ್ಷಿಗಳು ನನ್ನೆದುರೇ ಬೇರೆ ಬೇರೆ ಹೇಳಿಕೆ ಕೊಟ್ಟದ್ದು ಅದೇ ಮೊದಲು. ಒಂದು ತೊಟ್ಟು ಎಣ್ಣೆ ಬಿಟ್ಟಳು. ಟಗರು ಬಾಯಿ ಮುಚ್ಚಿತು.

ಕೆಲವು ದಿನಕ್ಕೆ ಸದ್ದು ಮತ್ತೆ ಬಂತು. ಕಡ್ಡಿಗಳು ಸಡಿಲವಾಗಿ ರಿಮ್ಮು ಬೆಂಡಾಗಿತ್ತು. ಅತ್ತೆ ಆ ಭಾರದ ಚಕ್ರಗಳನ್ನೇ ಬಿಚ್ಚಿಸಿ, ಸಕಲೇಶಪುರದ ಸೈಕಲ್ ಅಂಗಡಿಯಲ್ಲಿ ಅಲ್ಯೂಮಿನಿಯಂ ರಿಮ್ಮಿನ ಸಣಕಲು ಚಕ್ರ ಕಟ್ಟಿಸಿದಳು. ನಾನೂ ಜೊತೆಗಿದ್ದೆ. ಟೈರಿಗೆ ಗಾಳಿ ಹೊಡೆಯುತ್ತಿದ್ದ ಅಂಗಡಿಯವರಿಗೆ ಇನ್ನೂ, ಇನ್ನೂ ಎಂದು ಕೈಸನ್ನೆ ಮಾಡುತ್ತಿದ್ದಳು.

"ಇಷ್ಟು ಗಟ್ಟಿ ಮಾಡಿದ್ರೆ ರಸ್ತೇಲಿರೋ ಜಲ್ಲಿಯೆಲ್ಲ ಕೈಗೇ ಹೊಡೀತೈತೆ ಕಣಕ್ಕಾ," ಎಂದರು ಅವರು.

"ಹೊಡೀಲಿ," ಎಂದಳು ಅತ್ತೆ.

ಮನೆಯಲ್ಲಿ ಅಪ್ಪ ಚಕ್ರ ಎತ್ತಿ ನೋಡಿ, ಇದ್ಯಾಕೆ ಎಂದದ್ದಕ್ಕೆ "ಹಗುರಾಗೈತೆ, ದಿಣ್ಣೆ ಸಲೀಸು" ಎಂದಳು. ನಾವು ನಂಬಿದೆವು. ನಂಬದಿರಲು ಕಾರಣವೇನಿತ್ತು?

ಆದರೂ ನಾನು ಬಿಡಲಿಲ್ಲ. ನಿಂತ ಸೈಕಲ್ಲಿನ ಸದ್ದು ಹುಡುಕಿದ್ದಕ್ಕೂ ಓಡುವ ಬಸ್ಸಿನ ಸುಳಿವು ಹಿಡಿಯುವುದಕ್ಕೂ ಸಂಬಂಧವೇ ಇಲ್ಲ, ಆ ಪುರಾವೆಯಿಂದ ಈ ತೀರ್ಮಾನ ಹುಟ್ಟುವುದಿಲ್ಲ ಎಂದು ಅಪ್ಪನ ಮುಂದೆ ವಾದಿಸಿದೆ. ಇದು ಈಗಲೂ ಸರಿಯಾದ ವಾದವೇ. ಅಪ್ಪ ತಲೆ ಕೆರೆದುಕೊಂಡು, "ಹಂಗಾದ್ರೆ ನಾಳೆ ನೀನೇ ಹಿಂದೆ ಹೋಗಿ ನೋಡ್ಕಂಡ್ ಬಾ ಲಾಯರಮ್ಮ. ನೀನು ಏನಂತೀಯೋ ಅದೇ ತೀರ್ಮಾನ" ಎಂದ. ಹೀಗೆ ಎದುರಾಳಿಯೇ ನ್ಯಾಯಾಧೀಶೆಯಾದಳು.

ಕುಯ್ಲಿನ ಕಾಲದ ಬೆಳಗು. ಮುಂದಿನ ಗಿಡ ಕಾಣದಷ್ಟು ಮಂಜು. ನಾನು ಯಾರದೋ ಲೇಡೀಸ್ ಸೈಕಲ್ಲು ತುಳಿಯುತ್ತಿದ್ದೆ. ಅತ್ತೆ ಬೆನ್ನು ಬಾಗಿಸಿ, ಕೊಂಬು ಹಿಡಿದು, ಸದ್ದೇ ಇಲ್ಲದೆ ಮುಂದೆ ಹೋಗುತ್ತಿದ್ದಳು. ತೋಟದ ದಾರಿಯ ಕಡಿದಾದ ದಿಣ್ಣೆಯಲ್ಲಿ, ಎಡಕ್ಕೆ ತಿರುಗುವ ಮುರುವಿಗೆ ಇನ್ನೂ ದೂರವಿರುವಾಗಲೇ, ಅವಳು ಇದ್ದಕ್ಕಿದ್ದಂತೆ ಟಾರು ಬಿಟ್ಟು ಪಕ್ಕದ ಹುಲ್ಲಿಗಿಳಿದು ಕಾಲೂರಿದಳು. ಹಿಂದೆ ನೋಡದೆ, ನನಗೂ ಇಳಿ ಎಂಬಂತೆ ಕೈಯಾಡಿಸಿದಳು.

ನನಗೆ ಒಳಗೇ ಸಂತೋಷ. ಸುಸ್ತಾಗಿದೆ, ನೆಪ ಹುಡುಕುತ್ತಿದ್ದಾಳೆ! ಕಿವಿಗೊಟ್ಟೆ; ಎಲೆಯಿಂದ ತೊಟ್ಟಿಕ್ಕುವ ಮಂಜಿನ ಹನಿ ಬಿಟ್ಟರೆ ಏನೂ ಇಲ್ಲ. ಅವಳ ಮುಖದೆದುರು ನಿಂತೇ ವಾದ ಮಾಡಬೇಕಲ್ಲ, ತುಟಿ ಕಾಣಬೇಕಲ್ಲ, ಅದಕ್ಕಾಗಿ ಸೈಕಲ್ಲು ತಳ್ಳಿಕೊಂಡು ನಾನೂ ಹುಲ್ಲಿಗಿಳಿದೆ. "ಯಾಕತ್ತೆ ನಿಂತೆ? ಇಲ್ಲಿ ಏನೂ ಬರ್ತಿಲ್ಲ" ಎಂದು ಬಾಯಿ ತೆರೆದೆನಷ್ಟೆ.

ಮಂಜಿನಿಂದ ಒಂದು ಬಸ್ಸು ಹುಟ್ಟಿ ಬಂತು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರು ಬಿಡಿಸಿ, ಹಾರನ್ನೂ ಹೊಡೆಯದೆ, ಮುರುವನ್ನು ಒಳಗಿಂದಲೇ ಕತ್ತರಿಸುತ್ತ, ನಾವು ಇದ್ದ ಬದಿಯಲ್ಲೇ ಜಾರಿಕೊಂಡು ಬಂತು. ಅದರ ಟೈರಿನ ಸರಸರ ನನಗೆ ಕೇಳಿಸಿದ್ದು ಅದು ಮೈಮೇಲೆ ಬಂದ ಮೇಲೆಯೇ. ಗಾಳಿ ನನ್ನ ದುಪಟ್ಟವನ್ನು ಎಳೆದು ಬಿಟ್ಟಿತು. ಆ ಕ್ಷಣಕ್ಕೆ ಮುಂಚೆ ನಾನು ನಿಂತಿದ್ದ ಟಾರಿನ ಮೇಲೆ ಎರಡು ಒದ್ದೆ ಪಟ್ಟಿ ಉಳಿದಿತ್ತು. ವಾದ ಮಾಡುವ ಚಟವೊಂದಿಲ್ಲದಿದ್ದರೆ ನಾನು ಅಲ್ಲಿಂದ ಕದಲುತ್ತಲೇ ಇರಲಿಲ್ಲ.

ಅತ್ತೆ ನನ್ನ ಮುಖ ನೋಡಿದಳು. "ಬಾಯ್ ಮುಚ್ಕಳೇ, ಮಂಜು ಹೋಗ್ತೈತೆ ಒಳಕ್ಕೆ," ಎಂದಳು. ಪೆಡಲಿನ ಮೇಲೆ ಕಾಲಿಟ್ಟು ಹೊರಟೇಬಿಟ್ಟಳು. ನಾನು ಆ ಬೆನ್ನನ್ನು ನೋಡುತ್ತ ನಿಂತೆ. ಪರಿಚಯದ ಬೆನ್ನೇ, ಅಪ್ಪನ ಅಂಗಿಯೇ, ಕಾಲರಿನ ತೇಪೆಯೂ ಗೊತ್ತಿದ್ದದ್ದೇ. ಆದರೂ ಬೆಟ್ಟವೊಂದು ತಾನಾಗಿ ಎದ್ದು ನಡೆದುಹೋದ ಹಾಗೆ ಕಂಡಿತು. ಮಂಜು ಅವಳನ್ನು ಒಳಗೆ ಎಳೆದುಕೊಂಡ ಮೇಲೂ ನೋಡುತ್ತಲೇ ಇದ್ದೆ.

ಸಂಜೆ ಅಪ್ಪ ತೀರ್ಪು ಕೇಳಿದ. "ಅತ್ತೆ ಸೈಕಲ್ ಹೊಡೀಲಿ," ಎಂದೆ. "ಕಾರಣ?" "ಗೊತ್ತಿಲ್ಲ." ಅಪ್ಪ ಅಜ್ಜಿಯ ಕಡೆ ತಿರುಗಿ, "ಜ್ವರ ಬಂದೈತೇನೋ ನೋಡವ್ವ ಇವಳಿಗೆ," ಎಂದ. ರೈಟರ್ ಮಾತು ಮತ್ತೆ ಏಳಲಿಲ್ಲ. ಬಸ್ಸಿನ ಸುದ್ದಿ ನಾನು ಅಜ್ಜಿಗೆ ಹೇಳಿದೆ, ಅಜ್ಜಿ ಊರಿಗೆ ಹೇಳಿದಳು, ಊರು ಅದಕ್ಕೆ ಭೈರವಸ್ವಾಮಿಯನ್ನು ಸೇರಿಸಿತು.

ಹಾಗಾದರೆ ನಿನ್ನ ವಿವರಣೆ ಏನು ಎಂದು ನೀವು ಕೇಳಬೇಕು, ಕೇಳದಿದ್ದರೆ ನಾನೇ ಕೇಳಿಸುತ್ತೇನೆ. ಬಸ್ಸಿನ ವೇಳೆ ಗೊತ್ತಿತ್ತೆ? ಆ ಹೊತ್ತಿನ ಬಸ್ಸೇ ಆ ದಾರಿಯಲ್ಲಿ ಇರಲಿಲ್ಲ, ಆವತ್ತು ಬಂದದ್ದು ತಡವಾಗಿದ್ದ ಬಸ್ಸು. ಬ್ರೇಕು ಕಾದ ವಾಸನೆ? ಇರಬಹುದು, ನನ್ನ ಮೂಗಿಗೆ ಬರಲಿಲ್ಲ. ಬರೀ ಆಕಸ್ಮಿಕವೆ? ಪ್ರಾಮಾಣಿಕಳಾದರೆ ಅದನ್ನೂ ಒಪ್ಪಬೇಕು. ಮೈ ಪೂರ್ತಿ ಒಪ್ಪುವುದಿಲ್ಲ. ಆ ಗಟ್ಟಿ ಟೈರಿನಿಂದ ನೆಲದ ನಡುಕ ಕೈಗೆ ಬಂತೆ? ಇದನ್ನು ಪರೀಕ್ಷಿಸಲು ನಾನು ಅವಳ ಟಗರನ್ನು ಕದ್ದೊಯ್ದು, ಅದೇ ಮುರುವಿನಲ್ಲಿ ಮರಕ್ಕೆ ಒರಗಿ ಕೂತು, ಕಿವಿಗೆ ಹತ್ತಿ ತುರುಕಿ, ಕೊಂಬು ಹಿಡಿದು ಕಾದಿದ್ದೇನೆ. ಬಸ್ಸುಗಳು ಬಂದವು, ಹೋದವು. ನನಗೆ ತಿಳಿದದ್ದು ನನ್ನದೇ ನಾಡಿಬಡಿತ. ದಾರಿಹೋಕರೊಬ್ಬರು ನಿಂತು, "ಏನವ್ವ, ಹುಷಾರಿಲ್ವಾ?" ಎಂದದ್ದೂ ತುಟಿಯಿಂದಲೇ ತಿಳಿಯಿತು.

ಈಗ ಅತ್ತೆಗೆ ಕಿವಿ ಒಂದಿಷ್ಟೂ ಕೇಳುವುದಿಲ್ಲ. ತೋಟ ಇದೆ, ಟಗರೂ ಇದೆ, ಬಣ್ಣ ಹೋಗಿದೆ. ಇವತ್ತು ಬೆಳಿಗ್ಗೆ ನನ್ನ ಹೊಸ ಸೈಕಲ್ಲನ್ನು ಅದೇ ಸ್ಟೋರಿನ ಗೋಡೆಗೆ ಒರಗಿಸಿದೆ. ಹೇಳುವ ಮೊದಲೇ ಅವಳು ಬಂದು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಮೊದಲು ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡಿ ಮುಖ ಸಿಂಡರಿಸಿದಳು. "ಇದೇನೇ ಇದು, ಬೆಣ್ಣೆ ಮುದ್ದೆ ಆದಂಗೈತೆ! ಗಾಳಿ ಹೊಡ್ಸು." ಆಮೇಲೆ ಕಣ್ಣು ಮುಚ್ಚಿ, ಕಡ್ಡಿಗಳ ಮೇಲೆ ಬೆರಳಿಟ್ಟಳು. ನಾನು ಪೆಡಲು ಅದುಮಿದೆ. ಕಿರ್ರ್.

ನನಗೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹೇಳಬೇಕೆನಿಸಲಿಲ್ಲ. ಅವಳ ಬೆರಳು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡುತ್ತಿದ್ದೆ. ಅವಳ ರೆಪ್ಪೆ ಮುಚ್ಚಿದೆ, ನನ್ನ ತುಟಿ ಅವಳಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೇ, ಇಷ್ಟು ವರ್ಷ ಕೇಳಲು ಹೊಳೆಯದೇ ಹೋದದ್ದನ್ನು ಮೆಲ್ಲಗೆ ಕೇಳಿದೆ:

"ಅತ್ತೆ, ಆವತ್ತು ಚಕ್ರ ಬದಲಾಯಿಸಿದ್ದು ಹಗುರ ಅಂತಾನಾ, ಇಲ್ಲ ರಸ್ತೆ ಮಾತಾಡೋದು ತಿಳೀಲಿ ಅಂತಾನಾ?"